ಹಸ್ತ ಮಳೆಯಲ್ಲಿ ಕಡಲ ದಂಡೆಯ ರಜೆ: ಗೋಕರ್ಣವೋ, ಕುಮಟೆಯೋ, ಕೋಡಿಬೆಂಗ್ರೆಯೋ?

ಸೆಪ್ಟೆಂಬರ್ ಕೊನೆಗೋ ಅಕ್ಟೋಬರ್ ಮೊದಲಿಗೋ ಕರಾವಳಿಗೆ ಹೋಗಬೇಕು, ಕಡಲ ಹತ್ತಿರ ಒಂದು ಮನೆ ಹಿಡಿದು ನಾಲ್ಕು ದಿನ ದಂಡೆ ಮೇಲೆ ನಡೆದಾಡಿಕೊಂಡು ಇರಬೇಕು. ಆಸೆ ಇಷ್ಟೇ. ಆದರೆ ಊರು ಆರಿಸೋಕೆ ಕೂತರೆ ತಲೆ ಕೆಡುತ್ತದೆ. ಗೋಕರ್ಣ ಅಂತ ಒಬ್ಬರು, ಮರವಂತೆ ಅಂತ ಇನ್ನೊಬ್ಬರು, ಕಾರವಾರ ಬಿಟ್ಟರೆ ಬೇರೆ ಇಲ್ಲ ಅಂತ ಮತ್ತೊಬ್ಬರು. ಎಲ್ಲರೂ ತೋರಿಸುವ ಫೋಟೋ ಡಿಸೆಂಬರಿನದು. ನೀವು ಹೋಗುತ್ತಿರುವುದು ಹಸ್ತ ಮಳೆಯಲ್ಲಿ.

ಆ ಹೊತ್ತಿನಲ್ಲಿ ಕರಾವಳಿಯ ಹವೆಯನ್ನು ನಂಬುವ ಹಾಗಿಲ್ಲ. ಬೆಳಿಗ್ಗೆ ಕಣ್ಣು ಕುಕ್ಕುವ ಬಿಸಿಲು, ಮಧ್ಯಾಹ್ನ ಸೆಕೆ, ನಾಲ್ಕು ಗಂಟೆಗೆ ಗುಡುಗು, ಏಳಕ್ಕೆ ಮತ್ತೆ ನಕ್ಷತ್ರ. ಹಾಗಾಗಿ ಯಾವ ಬೀಚ್ ಚೆಂದ ಅನ್ನುವುದನ್ನು ನಾನು ಮೊದಲು ನೋಡುವುದಿಲ್ಲ. ಮಳೆ ಒಂದು ಗಂಟೆ ಹೊಳವಾದರೆ, ಅಂದರೆ ಬಿಡುವು ಕೊಟ್ಟರೆ, ಆ ಒಂದು ಗಂಟೆಯಲ್ಲಿ ಮನೆ ಬಾಗಿಲಿನಿಂದ ಹೊರಟು, ನಡೆದು, ವಾಪಸ್ ಬರೋಕೆ ಆಗುತ್ತದಾ ಅಂತ ನೋಡುತ್ತೇನೆ. ಕಾರು ತೆಗೆದು, ನಿಲ್ಲಿಸೋಕೆ ಜಾಗ ಹುಡುಕಿ, ಗುಡ್ಡ ಇಳಿದು ದಂಡೆ ಮುಟ್ಟಬೇಕು ಅಂದರೆ ಅಷ್ಟರಲ್ಲಿ ಆ ಗಂಟೆ ಮುಗಿದಿರುತ್ತದೆ. ಕೆಳಗಿನ ಹೋಲಿಕೆಯೆಲ್ಲ ಈ ಲೆಕ್ಕದಲ್ಲೇ.

ಮೊದಲು ತಿಂಗಳು ನೋಡಿ

ಮುಂಗಾರು ನಮ್ಮ ಕರಾವಳಿ ಮುಟ್ಟುವುದು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ. ಅಲ್ಲಿಂದ ಆರಿದ್ರ, ಪುನರ್ವಸು, ಪುಷ್ಯ ಮಳೆನಕ್ಷತ್ರಗಳು ಕಳೆಯುವವರೆಗೆ, ಅಂದರೆ ಆಗಸ್ಟ್ ಶುರುವಾಗುವವರೆಗೆ, ದಂಡೆ ನಡಿಗೆಯ ಮಾತೇ ಬೇಡ. ಕಡಲು ಮರಳನ್ನೆಲ್ಲ ಎಳೆದುಕೊಂಡು ಹೋಗಿರುತ್ತದೆ. ಬೇಸಿಗೆಯಲ್ಲಿ ಹುಡುಗರು ಕ್ರಿಕೆಟ್ ಆಡಿದ ಜಾಗದಲ್ಲಿ ಅಲೆ ಬಂದು ತೆಂಗಿನ ಬುಡಕ್ಕೆ ಬಡಿಯುತ್ತಿರುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಜಗುಲಿಯಲ್ಲಿ ಕೂತು ಮಳೆ ನೋಡುವವರಿಗೆ ಈ ಕಾಲ ಬಲು ಚೆಂದ. ನಡೆಯುವವರಿಗೆ ಅಲ್ಲ.

ಮಘೆ, ಹುಬ್ಬ ಕಳೆದು ಸೆಪ್ಟೆಂಬರ್ ಮಧ್ಯಕ್ಕೆ ಉತ್ತರೆ ಹುಟ್ಟುವ ಹೊತ್ತಿಗೆ ಹೊಳ ಜಾಸ್ತಿಯಾಗುತ್ತದೆ. ಸೆಪ್ಟೆಂಬರ್ 27ರ ಸುಮಾರಿಗೆ ಹಸ್ತ, ಅಕ್ಟೋಬರ್ ಎರಡನೇ ವಾರದಿಂದ ಚಿತ್ತೆ, ಕೊನೆಯ ವಾರಕ್ಕೆ ಸ್ವಾತಿ. ಈ ಆರೇಳು ವಾರಗಳೇ ನನ್ನ ಆಯ್ಕೆ. ಹಸಿರು ಮಾಸಿರುವುದಿಲ್ಲ, ಹೊಳೆ ತುಂಬಿರುತ್ತದೆ, ಮಾರುಕಟ್ಟೆಗೆ ಬಂಗುಡೆ, ಭೂತಾಯಿ ಬಂದಿರುತ್ತದೆ.

ಇಲ್ಲಿ ಒಂದು ವಿಷಯ ಗೊತ್ತಿದ್ದರೆ ದಿನವಿಡೀ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಕಡಲಿನಿಂದ ಬರುತ್ತದೆ. ಅಕ್ಟೋಬರಿನ ಮಳೆ ಹೆಚ್ಚಾಗಿ ಘಟ್ಟದಿಂದ ಇಳಿದು ಬರುತ್ತದೆ, ಗುಡುಗು ಸಿಡಿಲಿನ ಜೊತೆ, ಮಧ್ಯಾಹ್ನದ ಮೇಲೆ. ಅಂದರೆ ಉತ್ತರೆಯಲ್ಲಿ ನಡೆಯುವಾಗ ಪಡುವಣಕ್ಕೆ ನೋಡುತ್ತಿರಬೇಕು, ಚಿತ್ತೆಯಲ್ಲಿ ಮೂಡಣಕ್ಕೆ. ಕಡಲ ಮಳೆ ಬರುವಾಗ ಮೊದಲು ಬಾನು-ನೀರು ಕೂಡುವ ಗೆರೆ ಮಾಯವಾಗುತ್ತದೆ. ಆಮೇಲೆ ದೂರದ ದೋಣಿ ಕಾಣುವುದಿಲ್ಲ. ಬೀಸುತ್ತಿದ್ದ ಗಾಳಿ ಒಮ್ಮೆ ನಿಲ್ಲುತ್ತದೆ. ನಿಂತ ಗಾಳಿ ತಣ್ಣಗೆ ಮತ್ತೆ ಬೀಸಿತು ಅಂದರೆ ನಿಮ್ಮ ಹತ್ತಿರ ಐದೋ ಹತ್ತೋ ನಿಮಿಷ ಇದೆ, ಅಷ್ಟೇ. ಘಟ್ಟದ ಮಳೆ ಹಾಗಲ್ಲ. ಅದು ಬೆನ್ನ ಹಿಂದೆ ತಯಾರಾಗುತ್ತದೆ. ಕಡಲ ಕಡೆ ಬಿಸಿಲೇ ಇರುತ್ತದೆ, ನೀವು ಫೋಟೋ ತೆಗೆಯುತ್ತಿರುತ್ತೀರಿ, ತಿರುಗಿ ನೋಡಿದರೆ ಗುಡ್ಡದ ಮೇಲೆ ಮೋಡ ಕಪ್ಪಗೆ ಎದ್ದು ನಿಂತಿರುತ್ತದೆ. ಅದಕ್ಕೇ ಅಕ್ಟೋಬರಿನಲ್ಲಿ ಉದ್ದದ ನಡಿಗೆ ಏನಿದ್ದರೂ ಬೆಳಿಗ್ಗೆ.

ಇನ್ನೊಂದು ಎಚ್ಚರ. ಅಕ್ಟೋಬರ್ ಕೊನೆ, ನವೆಂಬರಿನಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದುಂಟು. 2019ರ ಅಕ್ಟೋಬರಿನ ಕ್ಯಾರ್ ನಮ್ಮ ದಡಕ್ಕೆ ಬರದೇ ಇದ್ದರೂ ಕರಾವಳಿಯಲ್ಲಿ ಜೋರು ಗಾಳಿ-ಮಳೆ ತಂದಿತ್ತು.

ಗೋಕರ್ಣ: ನೋಟಕ್ಕೆ ಮೊದಲು, ಕಾಲಿಗೆ ಕಷ್ಟ

ನೋಟ ಒಂದನ್ನೇ ಅಳೆದರೆ ಗೋಕರ್ಣಕ್ಕೆ ಸಾಟಿ ಇಲ್ಲ. ಕುಡ್ಲೆ ಬೀಚಿನ ತೆಂಕಣ ತುದಿಯಿಂದ ಗುಡ್ಡ ಹತ್ತಿ ಇಳಿದರೆ ಓಂ ಬೀಚ್, ಅಲ್ಲಿಂದ ಇನ್ನೊಂದು ಗುಡ್ಡ ದಾಟಿದರೆ ಹಾಫ್ ಮೂನ್, ಮತ್ತೊಂದು ದಾಟಿದರೆ ಪ್ಯಾರಡೈಸ್. ಒಂದೊಂದು ತುಂಡೂ ಸುಮಾರು ಅರ್ಧ ಗಂಟೆಯ ದಾರಿ. ಕಡಲಿಗೆ ಚಾಚಿದ ಕೆಂಪು ಕಲ್ಲಿನ ಮೂತಿ, ಕೆಳಗೆ ನೊರೆ, ಮಧ್ಯೆ ಮಧ್ಯೆ ಕಾಡು.

ತೊಂದರೆ ಇರುವುದು ಆ ಕಲ್ಲಿನಲ್ಲೇ. ಜಂಬಿಟ್ಟಿಗೆ ಒಣಗಿದ್ದಾಗ ತರಿ ತರಿಯಾಗಿ ಕಾಲಿಗೆ ಚೆನ್ನಾಗಿ ಹಿಡಿತ ಕೊಡುತ್ತದೆ. ಮಳೆಗಾಲ ಪೂರ್ತಿ ನೆನೆದ ಮೇಲೆ ಅದರ ಮೇಲೆ ತೆಳ್ಳಗೆ ಪಾಚಿ ಕಟ್ಟಿ ಕಪ್ಪಾಗಿರುತ್ತದೆ. ದಾರಿಯಲ್ಲಿ ಕೆಂಪಗೆ ಕಾಣುವ ಕಲ್ಲಿನ ಮೇಲೆ ಧೈರ್ಯವಾಗಿ ಕಾಲಿಡಿ. ಕಪ್ಪಗೆ ಹೊಳೆಯುವ ಕಲ್ಲಿನ ಮೇಲೆ ಇಡಬೇಡಿ, ಅದು ಒಣಗಿದ ಹಾಗೆ ಕಂಡರೂ ಅಷ್ಟೇ. ಪಾಚಿ ಇಲ್ಲದ ಕಡೆ ಸಣ್ಣ ಉರುಟು ಕಲ್ಲುಗಳು ಕಾಲಡಿಯಲ್ಲಿ ಉರುಳುತ್ತವೆ. ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗ ಗೊತ್ತಾಗುತ್ತದೆ. ಹಾಫ್ ಮೂನ್ ಹತ್ತಿರದ ದಾರಿಯಲ್ಲಿ ಒಂದು ಪಕ್ಕ ನೇರ ಬಂಡೆ, ಕೆಳಗೆ ಕಡಲು. ಅಲ್ಲಿ ಜಾರಿದರೆ ಕೈ ಹಿಡಿಯೋಕೆ ಏನೂ ಇಲ್ಲ.

ಬೇಸಿಗೆಯಲ್ಲಾದರೆ ಸುಸ್ತಾದವರು ದೋಣಿಯಲ್ಲಿ ವಾಪಸ್ ಬರಬಹುದು. ಮಳೆಗಾಲದಲ್ಲಿ ಆ ದೋಣಿ ಓಡುವುದಿಲ್ಲ, ದಂಡೆಯ ಗುಡಿಸಲು ಹೋಟೆಲುಗಳೂ ಬಹುಪಾಲು ಮುಚ್ಚಿರುತ್ತವೆ. ಹೋದ ದಾರಿಯಲ್ಲೇ ನಡೆದು ಬರಬೇಕು. ಹಾಗಾಗಿ ಅಕ್ಟೋಬರ್ ಮಧ್ಯ ಕಳೆದು ನಾಲ್ಕು ದಿನ ಒಣಹವೆ ಸಿಕ್ಕಿದ್ದರೆ ಗೋಕರ್ಣಕ್ಕೆ ಕಣ್ಣು ಮುಚ್ಚಿ ಹೋಗಿ. ಅದಕ್ಕೆ ಮುಂಚೆ ಹೋಗುವುದಾದರೆ ಕುಡ್ಲೆಯಿಂದ ಓಂವರೆಗೆ ಸಾಕು, ಅದೂ ಮನೆಯವರನ್ನು ಕೇಳಿಕೊಂಡು. ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದರೆ ಗೋಕರ್ಣದಲ್ಲಿ ನಿಮಗೆ ಉಳಿಯುವುದು ಮುಖ್ಯ ಬೀಚ್, ಮಹಾಬಲೇಶ್ವರನ ದೇವಸ್ಥಾನ ಮತ್ತು ರಥಬೀದಿ. ಅದೂ ಚೆಂದವೇ. ಆದರೆ ನಡಿಗೆಯ ರಜೆ ಆಗುವುದಿಲ್ಲ.

ಕುಮಟೆಯ ಬಾಡ, ಕಾಗಾಲ, ಅಘನಾಶಿನಿ

ಗೋಕರ್ಣದಿಂದ ತದಡಿ ಅಳಿವೆ, ಅಂದರೆ ಅಘನಾಶಿನಿ ಹೊಳೆ ಕಡಲು ಸೇರುವ ಜಾಗ, ದಾಟಿದರೆ ಸಿಗುವ ಈ ಭಾಗವೇ ನನ್ನ ಮನಸ್ಸಿಗೆ ಹತ್ತಿರ. ಕುಮಟೆಯಿಂದ ಗೋಕರ್ಣದವರೆಗೆ ದಂಡೆ ಹಿಡಿದು ನಡೆಯುವ ಚಾರಣಿಗರು ಇದರ ಮೇಲೆ ಹಾದು ಹೋಗುತ್ತಾರೆ, ನಿಲ್ಲುವವರು ಕಡಿಮೆ. ನಿಂತರೆ ಲಾಭ ಇದೆ.

ಕಾರಣ ಸರಳ. ಇಲ್ಲಿ ಮೂರು ಬಗೆಯ ದಾರಿ ಒಂದೇ ಮನೆಯಿಂದ ಸಿಗುತ್ತದೆ. ಹವೆ ಒಣಗಿದ್ದರೆ ಹೊಲನಗದ್ದೆ ಕಡೆಯ ಗುಡ್ಡದ ಮೂತಿಗಳು. ಗೋಕರ್ಣದಷ್ಟು ಕಡಿದಲ್ಲ, ಹುಲ್ಲು ಹೆಚ್ಚು, ಮೇಲೆ ನಿಂತರೆ ಎರಡೂ ಕಡೆಯ ದಂಡೆ ಕಾಣುತ್ತದೆ. ಮೋಡ ಮುಚ್ಚಿದ್ದರೆ ಬಾಡದ ದಂಡೆ, ಗಾಳಿಮರಗಳ ಪಕ್ಕದಲ್ಲಿ ಉದ್ದಕ್ಕೂ ಸಮತಟ್ಟು ಮರಳು, ಮಳೆ ಬಂದರೆ ಓಡಿ ಬರಬಹುದಾದ ದೂರದಲ್ಲಿ ಊರು. ಮಳೆ ಹನಿಯುತ್ತಲೇ ಇದ್ದರೆ ಕೊಡೆ ಹಿಡಿದು ಹೊಳೆಯ ಕಡೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಆಗ ಎದ್ದು ನಿಂತಿರುತ್ತದೆ, ಇಳಿತದ ಹೊತ್ತಿಗೆ ಹೆಂಗಸರು ಬಳಚು (ಚಿಪ್ಪುಮೀನು) ಹೆಕ್ಕುತ್ತಿರುತ್ತಾರೆ. ಅಣೆಕಟ್ಟಿಲ್ಲದೆ ಹರಿದು ಬರುವ ಹೊಳೆ ಇದು. 2024ರಲ್ಲಿ ಈ ಅಳಿವೆ ಪ್ರದೇಶಕ್ಕೆ ರಾಮ್ಸಾರ್ ಮಾನ್ಯತೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿತು. ಹಕ್ಕಿ ನೋಡುವ ಹವ್ಯಾಸ ಇದ್ದರೆ ಬೈನಾಕ್ಯುಲರ್ ಮರೆಯಬೇಡಿ.

ಅಘನಾಶಿನಿ ಊರಿನಿಂದ ತದಡಿಗೆ ದೋಣಿ ಇದೆ. ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ಅದನ್ನೇ ನಂಬಿಕೊಂಡು ಆಚೆ ದಡಕ್ಕೆ ಹೋಗಿ ಸಂಜೆ ಬರುತ್ತೇನೆ ಅಂದುಕೊಂಡರೆ ರಸ್ತೆಯಲ್ಲಿ ಸುತ್ತು ಹಾಕಿ ಬರಬೇಕಾದೀತು.

ಕೊರತೆ ಏನು ಅಂದರೆ, ಹೋಟೆಲು ಅಂಗಡಿ ಕಡಿಮೆ. ಮನೆಯವರು ಅಡುಗೆ ಮಾಡಿ ಹಾಕುವವರಾಗಿರಬೇಕು. ಇಲ್ಲದಿದ್ದರೆ ಪ್ರತಿ ಊಟಕ್ಕೂ ಕುಮಟೆ ಪೇಟೆಗೆ ಓಡಬೇಕು.

ಹೊನ್ನಾವರ: ಮಕ್ಕಳಿದ್ದರೆ

ಕಾಸರಕೋಡಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿದೆ. ಶೌಚಾಲಯ, ಕಾಲುದಾರಿ, ಕೂರುವ ಜಾಗ ಎಲ್ಲ ಅಚ್ಚುಕಟ್ಟು. ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಲಗೆಯ ದಾರಿ ಇದೆ, ಸಣ್ಣ ಮಳೆಯಲ್ಲೂ ನಡೆಯಬಹುದು, ಮಕ್ಕಳಿಗೆ ಏಡಿ ತೋರಿಸಬಹುದು. ಅಪ್ಸರಕೊಂಡದ ಜಲಪಾತ ಈ ಕಾಲಕ್ಕೇ ಚೆಂದ. ಎಲ್ಲವೂ ಚಿಕ್ಕ ಚಿಕ್ಕ ನಡಿಗೆ, ಮಧ್ಯೆ ಕಾರು ಬೇಕು. ಉದ್ದಕ್ಕೆ ನಡೆಯಬೇಕು ಅನ್ನುವವರಿಗೆ ಎರಡನೇ ದಿನಕ್ಕೇ ಸಾಕಾಗುತ್ತದೆ.

ಮರವಂತೆ–ಬೈಂದೂರು

ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕೆ, ನಡುವೆ ಹೆದ್ದಾರಿ, ಹಿಂದೆ ಕೊಡಚಾದ್ರಿ ಸಾಲು. ಮರವಂತೆಯನ್ನು ನೋಡಿ ಖುಷಿಪಡದವರು ಇಲ್ಲ. ಆದರೆ ನೋಡುವ ಜಾಗ ಬೇರೆ, ನಡೆಯುವ ಜಾಗ ಬೇರೆ. ಅಲ್ಲಿ ಹೆದ್ದಾರಿ ಈಗ ನಾಲ್ಕು ಪಥ, ಲಾರಿಗಳು ಒಂದರ ಹಿಂದೆ ಒಂದು. ಕಡಲ್ಕೊರೆತಕ್ಕೆ ಹಾಕಿದ ಬಂಡೆಗಳ ಸಾಲು ದಂಡೆಯನ್ನು ತುಂಬಿಕೊಂಡಿದೆ. ಭರತದ (ಉಬ್ಬರದ) ಹೊತ್ತಿಗೆ ಕಾಲಿಡೋಕೆ ಮರಳೇ ಇರುವುದಿಲ್ಲ.

ಈ ಭಾಗಕ್ಕೇ ಬರಬೇಕು ಅಂದರೆ ಮನೆಯನ್ನು ಬೈಂದೂರಿನ ಸೋಮೇಶ್ವರದ ಕಡೆ ನೋಡಿ. ಕಡಲ ಅಂಚಿಗೆ ದೇವಸ್ಥಾನ, ಬಂಡೆ, ಪಕ್ಕದಲ್ಲಿ ಹೊಳೆ ಸೇರುವ ಜಾಗ, ಮೇಲೆ ಒತ್ತಿನೆಣೆ ಗುಡ್ಡ. ಅಥವಾ ಕುಂದಾಪುರದ ಕೋಡಿ. ಅಲ್ಲಿ ದಂಡೆಯೂ ಉದ್ದ, ಊಟಕ್ಕೆ ಕುಂದಾಪುರವೂ ಹತ್ತಿರ. ಮಳೆ ಹಿಡಿದ ಸಂಜೆಗೆ ನೀರ್ ದೋಸೆ, ಕೋಳಿ ಸಾರು ಸಿಗುತ್ತದೆ ಅನ್ನುವುದೂ ರಜೆಯ ಲೆಕ್ಕದಲ್ಲಿ ಸಣ್ಣದಲ್ಲ, ಅಲ್ವಾ?

ಕೋಡಿಬೆಂಗ್ರೆ, ಪಡುಕೆರೆ, ಮಟ್ಟು: ಎಲ್ಲರೂ ನಡೆಯಬಹುದಾದದ್ದು

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದು ಉಡುಪಿಯ ಈ ಎರಡು ಪಟ್ಟಿಗಳನ್ನು. ಮಲ್ಪೆಯಿಂದ ಬಡಗಣಕ್ಕೆ ಹೂಡೆ, ಕೋಡಿಬೆಂಗ್ರೆ. ತೆಂಕಣಕ್ಕೆ ಪಡುಕೆರೆ, ಮಟ್ಟು. ಎರಡು ಪಟ್ಟಿಗಳೂ ಕಡಲಿಗೂ ಹೊಳೆಗೂ ನಡುವಿನ ಸಪೂರ ನೆಲ. ಮಧ್ಯೆ ಒಂದು ಡಾಂಬರು ರಸ್ತೆ, ಇಕ್ಕೆಲದಲ್ಲಿ ಮನೆ, ತೆಂಗು.

ಇದರ ಗುಣ ಮಳೆಯಲ್ಲೇ ತಿಳಿಯುವುದು. ಕಡಲ ಕಡೆ ಗಾಳಿ ಹೊಡೆಯುತ್ತಿದ್ದರೆ ಎರಡು ನಿಮಿಷ ನಡೆದು ಹೊಳೆಯ ಕಡೆ ಬಂದುಬಿಡಬಹುದು. ಅಲ್ಲಿ ತೆಂಗು ಮತ್ತು ಮನೆಗಳ ಮರೆಯಲ್ಲಿ ಗಾಳಿ ಅರ್ಧಕ್ಕರ್ಧ ಕಡಿಮೆ. ರಸ್ತೆ ಗಟ್ಟಿ, ಜಾರುವ ಭಯ ಇಲ್ಲ. ಮಳೆ ಜೋರಾದರೆ ಯಾರದ್ದಾದರೂ ಜಗುಲಿ ಇದ್ದೇ ಇದೆ, ಕೂತ್ಕೊಳ್ಳಿ ಅನ್ನದವರು ಅಲ್ಲಿ ಕಡಿಮೆ. ಕೋಡಿಬೆಂಗ್ರೆಯ ತುದಿಗೆ ಹೋದರೆ ಸುವರ್ಣಾ ಹೊಳೆ ಕಡಲು ಸೇರುವುದು ಕಾಣುತ್ತದೆ. ಮಳೆಗಾಲದಲ್ಲಿ ಹೊಳೆಯ ಕೆಂಪು ನೀರು ಕಡಲೊಳಗೆ ದೂರದವರೆಗೆ ಬೇರೆಯಾಗಿಯೇ ಹರಿಯುತ್ತದೆ. ಕೆಮ್ಮಣ್ಣಿನ ತೂಗುಸೇತುವೆ ದಾಟಿ ಹೊಳೆ ನಡುವಿನ ದ್ವೀಪ ತಿಮ್ಮಣ್ಣಕುದ್ರುವಿಗೆ ಹೋಗಿ ಬರುವುದು ಇನ್ನೊಂದು ಬೆಳಗಿನ ನಡಿಗೆ. ತೆಂಕಣ ಪಟ್ಟಿಯಲ್ಲಾದರೆ ಮಟ್ಟುವಿನ ಗುಳ್ಳದ (ಬದನೆಯ) ಗದ್ದೆಗಳು, ಇನ್ನೂ ಮುಂದೆ ಬಂಡೆಯ ಮೇಲೆ 1901ರ ಕಾಪು ದೀಪಸ್ತಂಭ.

ಗುಡ್ಡದ ಏರಿಳಿತ ಬೇಕು, ಬೆವರಬೇಕು ಅನ್ನುವವರಿಗೆ ಇಲ್ಲಿ ಏನೂ ಇಲ್ಲ. ಸೇಂಟ್ ಮೇರೀಸ್ ದ್ವೀಪವನ್ನು ನಂಬಿಕೊಂಡು ಬರುವುದೂ ಬೇಡ. ಮಳೆಗಾಲದಲ್ಲಿ ಮಲ್ಪೆಯಿಂದ ಆ ದೋಣಿ ನಿಂತಿರುತ್ತದೆ, ಮತ್ತೆ ಶುರುವಾಗುವ ದಿನ ಕಡಲ ಮೇಲೆ ನಿಂತಿದೆ.

ಕಾರವಾರದ ಬಗ್ಗೆ ಒಂದೇ ಮಾತು. ಪೇಟೆಯ ಸೌಕರ್ಯ ಬೇಕು, ಮಾಜಾಳಿಯಿಂದ ಗುಡ್ಡ ದಾಟಿ ತಿಳಮಾತಿಯ ಕಪ್ಪು ಮರಳು ನೋಡಬೇಕು ಅಂದರೆ ಹೋಗಿ. ಆದರೆ ಬೆಂಗಳೂರು, ಮೈಸೂರಿನಿಂದ ಬರುವವರಿಗೆ ದೂರ ಜಾಸ್ತಿ. ನಾಲ್ಕು ದಿನದ ರಜೆಯಲ್ಲಿ ಅದು ದುಬಾರಿ.

ಮನೆ ಹಿಡಿಯುವಾಗ ಕೇಳಬೇಕಾದ್ದು

ಊರಿಗಿಂತ ಮನೆ ಮುಖ್ಯ ಅಂತ ನಾನು ಹೇಳುತ್ತಲೇ ಇರುತ್ತೇನೆ. ಮಳೆ ಹಿಡಿದರೆ ದಿನದ ಬಹುಪಾಲು ಕಳೆಯುವುದು ಅಲ್ಲೇ.

ದಂಡೆಗೆ ತಾಗಿಕೊಂಡ ಕಾಟೇಜು ಮತ್ತು ಇನ್ನೂರು ಮುನ್ನೂರು ಮೀಟರ್ ಒಳಗಿನ ಹಂಚಿನ ಮನೆ, ಇವೆರಡರ ನಡುವೆ ಆರಿಸಬೇಕು ಅಂದರೆ ಹಂಚಿನ ಮನೆಯನ್ನೇ ಆರಿಸಿ. ಕಡಲಿನ ಸದ್ದು ಅಲ್ಲಿಗೂ ಕೇಳುತ್ತದೆ, ಉಪ್ಪುಗಾಳಿ ಮತ್ತು ಇರಚಲು ಮಾತ್ರ ಅಷ್ಟು ತಾಗುವುದಿಲ್ಲ. ತಗಡಿನ ಮಾಡು ಇದ್ದರೆ ಜೋರು ಮಳೆಗೆ ಪಕ್ಕದವರ ಮಾತೂ ಕೇಳಿಸದು, ರಾತ್ರಿ ನಿದ್ದೆ ಹಾಳು. ಜಗುಲಿ ಯಾವ ದಿಕ್ಕಿಗಿದೆ ಕೇಳಿ. ಪಡುವಣಕ್ಕೆ ತೆರೆದ ಜಗುಲಿಯ ಫೋಟೋ ಚೆಂದ, ಸೆಪ್ಟೆಂಬರಿನ ಗಾಳಿಮಳೆಗೆ ಅಲ್ಲಿ ಕುರ್ಚಿ ಹಾಕೋಕೂ ಆಗುವುದಿಲ್ಲ. ಹಳೆಯ ಮನೆಗಳಲ್ಲಿ ಆ ಬದಿಗೆ ತೆಂಗಿನ ಮಡಲಿನ (ಗರಿಯ) ತಟ್ಟಿ ಕಟ್ಟುತ್ತಾರೆ. ತಟ್ಟಿ ಕಟ್ಟಿರುವ ಮನೆ ಅಂದರೆ ಮಳೆ ಗೊತ್ತಿರುವವರ ಮನೆ.

ಬಟ್ಟೆ ಒಣಗಿಸೋಕೆ ಜಾಗ ಇದೆಯಾ ಅಂತ ಯಾರೂ ಕೇಳುವುದಿಲ್ಲ. ದಿನಕ್ಕೆ ಎರಡು ಸಲ ನೆನೆದು ಬರುವವರಿಗೆ ಅದೇ ದೊಡ್ಡ ಪ್ರಶ್ನೆ. ಹಂಡೆಗೆ ಸೌದೆ ಹಾಕುವ ಬಚ್ಚಲು ಇರುವ ಮನೆ ಸಿಕ್ಕಿದರೆ ನಿಮ್ಮ ಪುಣ್ಯ. ಒಲೆಯ ಪಕ್ಕ ಹರವಿದ ಬಟ್ಟೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ, ಸ್ವಲ್ಪ ಹೊಗೆ ವಾಸನೆ ಇರುತ್ತದೆ ಅಷ್ಟೇ. ಕರೆಂಟು ಹೋದರೆ ಇನ್ವರ್ಟರ್ ಇದೆಯಾ, ಮನೆವರೆಗೆ ಡಾಂಬರು ಇದೆಯಾ ಕೇಳಿ. ಕಾರನ್ನು ತೆಂಗಿನ ಮರದ ಬುಡದಲ್ಲಿ ನಿಲ್ಲಿಸಬೇಡಿ. ಗಾಳಿಗೆ ಮಡಲು ಬೀಳುತ್ತದೆ, ಕಾಯಿಯೂ ಬೀಳುತ್ತದೆ.

ಊಟದ ವಿಷಯ ಮೊದಲೇ ಮಾತಾಡಿ. ಕೆಸುವಿನ ಎಲೆ ಇನ್ನೂ ಸಿಗುವ ಕಾಲ, ಪತ್ರೊಡೆ ಮಾಡ್ತೀರಾ ಅಂತ ಕೇಳಿದರೆ ಮನೆಯವರಿಗೂ ಖುಷಿ.

ದಂಡೆಗೆ ಇಳಿಯುವ ಮುಂಚೆ

ಭರತ-ಇಳಿತದ ಹೊತ್ತು ತಿಳಿದುಕೊಳ್ಳಿ. ದಿನಕ್ಕೆ ಎರಡು ಭರತ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇಳಿತದ ಹೊತ್ತಿಗೆ ನೀರಿನಂಚಿನ ಮರಳು ಗಟ್ಟಿ, ನಡಿಗೆ ಹಗುರ. ಬಂಡೆಯ ಮೂತಿ ಸುತ್ತಿ ಪಕ್ಕದ ದಂಡೆಗೆ ಹೋಗುವುದಾದರೆ ಇಳಿಯುತ್ತಿರುವ ನೀರಿನಲ್ಲಿ ಹೋಗಿ, ಏರುತ್ತಿರುವ ನೀರಿನಲ್ಲಿ ಬೇಡ. ಅಳಿವೆಯ ಹತ್ತಿರ ನೀರಿಗೆ ಇಳಿಯಲೇಬೇಡಿ. ಹೊಳೆ ಮತ್ತು ಕಡಲು ಎಳೆದಾಡುವ ಜಾಗ ಅದು, ಮೇಲಿನಿಂದ ಎಷ್ಟು ಸಾಧುವಾಗಿ ಕಂಡರೂ.

ಸಿಡಿಲಿನ ವಿಷಯದಲ್ಲಿ ಹಟ ಬೇಡ. ಮಿಂಚು ಕಂಡು ಗುಡುಗು ಕೇಳುವ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ. ಬಯಲು ದಂಡೆಯಲ್ಲಿ ಎತ್ತರದ ವಸ್ತು ನೀವೇ. ಒಂಟಿ ಗಾಳಿಮರದ ಕೆಳಗೆ ನಿಲ್ಲಬೇಡಿ, ಮನೆಯೊಳಗೆ ಅಥವಾ ಕಾರಿನೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಗೆ ಬನ್ನಿ. ಮೊಬೈಲಿನಲ್ಲಿ ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಹಾಕಿಕೊಂಡಿರಿ. ಅಲೆಯ ಎಚ್ಚರಿಕೆಯನ್ನು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುತ್ತದೆ, ಮಳೆಯದ್ದು ಹವಾಮಾನ ಇಲಾಖೆ. ಇವೆರಡನ್ನೂ ನೋಡಿ, ಆಮೇಲೆ ಮೀನುಗಾರರನ್ನು ಕೇಳಿ. ಇವತ್ತು ದೋಣಿ ಇಳಿಸಲಿಲ್ಲ ಅಂತ ಅವರು ಅಂದರೆ ನೀವೂ ದೂರ ಹೋಗಬೇಡಿ.

ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಸಾಕು, ಗುಡ್ಡಕ್ಕೆ ಮಾತ್ರ ಹಲ್ಲಿರುವ ಶೂ. ದಂಡೆಯ ಗಾಳಿಯಲ್ಲಿ ಕೊಡೆ ನಿಲ್ಲುವುದಿಲ್ಲ, ರೈನ್‌ಕೋಟು ತನ್ನಿ. ಕೊಡೆ ಹೊಳೆ ಬದಿಗೆ.

ಹೋಗುವುದು ಹೇಗೆ

ರೈಲೇ ಒಳ್ಳೆಯದು. ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಬೆಳಿಗ್ಗೆ ಕಾರವಾರ ಮುಟ್ಟುತ್ತದೆ. ಉಡುಪಿ, ಕುಂದಾಪುರ, ಬೈಂದೂರು, ಹೊನ್ನಾವರ, ಕುಮಟಾ, ಗೋಕರ್ಣ ರೋಡ್ ಎಲ್ಲ ಅದರ ದಾರಿಯಲ್ಲೇ. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ, ಟಿಕೆಟ್ ಮಾಡುವಾಗ ಸಮಯ ಇನ್ನೊಮ್ಮೆ ನೋಡಿ. ಕಾರಿನಲ್ಲಾದರೆ ಹಗಲಲ್ಲೇ ಘಟ್ಟ ಇಳಿಯಿರಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿದು ಜೀವಗಳು ಹೋದವು. ಜೋರು ಮಳೆಯ ದಿನ ಕಡಿದ ಗುಡ್ಡದ ಬುಡದಲ್ಲಿ ಚಹಾಕ್ಕೆ ಅಂತ ಗಾಡಿ ನಿಲ್ಲಿಸಬೇಡಿ.

ಗಾಂಧಿ ಜಯಂತಿ, ದಸರಾ ರಜೆಗೆ ಮನೆಗಳು ಬೇಗ ತುಂಬುತ್ತವೆ. ಸೋಮವಾರದಿಂದ ಗುರುವಾರದವರೆಗೆ ಇಟ್ಟುಕೊಂಡರೆ ಬಾಡಿಗೆಯೂ ಕಡಿಮೆ, ದಂಡೆಯೂ ಖಾಲಿ. ಮುಂಗಡ ಕೊಡುವ ಮುಂಚೆ ಒಂದು ಮಾತು ಆಡಿಬಿಡಿ: ಆ ವಾರ ರೆಡ್ ಅಲರ್ಟ್ ಬಂದರೆ ದಿನ ಬದಲಾಯಿಸಿ ಕೊಡ್ತೀರಾ? ಕರಾವಳಿಯ ಮಳೆ ಗೊತ್ತಿರುವ ಮನೆಯವರು ಬಹುಪಾಲು ಹೂಂ ಅನ್ನುತ್ತಾರೆ. ಒಪ್ಪದವರ ಮನೆ ಎಷ್ಟೇ ಚೆಂದ ಇದ್ದರೂ ಈ ತಿಂಗಳಿಗೆ ಬೇಡ, ಬೇಸಿಗೆಗೆ ಇಟ್ಟುಕೊಳ್ಳಿ.